ಸಂಡಿಗೆ ಕಾಯುವ ಟೋಪಿ

ನಮ್ಮ ಮನೆಯ ತಾರಸಿಯ ಮೇಲೆ ಈಗ ಒಂದು ಟೋಪಿ ಕೆಲಸಕ್ಕಿದೆ. ಸಂಡಿಗೆ ಕಾಯುವ ಕೆಲಸ. ತುಳಸಿ ಒಣಗಿಹೋದ ಕುಂಡದಲ್ಲಿ ಮುರಿದ ಪೊರಕೆ ಕೋಲು ನೆಟ್ಟು, ಅದಕ್ಕೆ ನಮ್ಮನೆಯವರ ಕಾಲರು ಹರಿದ ಅಂಗಿ ತೊಡಿಸಿ, ತಲೆ ಇರಬೇಕಾದ ಜಾಗಕ್ಕೆ ತಳ ಸೋರುವ ಒಂದು ತಂಬಿಗೆಯನ್ನು ಕವುಚಿ, ಅದರ ಮೇಲೆ ಈ ಟೋಪಿ ಇಟ್ಟಿದ್ದೇನೆ. ಖಾಕಿ ಬಟ್ಟೆಯದು, ಸುತ್ತ ಅಗಲವಾದ ಅಂಚು, ಗಾಳಿಗೆ ಹಾರದ ಹಾಗೆ ಗದ್ದದ ಕೆಳಗೆ ಬಿಗಿದುಕೊಳ್ಳಲು ಒಂದು ದಾರ. ಕಾಡುಮೇಡು ಸುತ್ತಿ ಪ್ರಾಣಿ ನೋಡುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು.

ಮಂಡ್ಯದ ಕಾಗೆಗಳು ಮೊದಮೊದಲು ಅದಕ್ಕೆ ತಕ್ಕಷ್ಟು ಮರ್ಯಾದೆ ಕೊಟ್ಟವು. ಆಮೇಲೆ ಒಂದು ಕಾಗೆ ಬಂದು ಟೋಪಿಯ ಮೇಲೆಯೇ ಕೂತು, ಅಲ್ಲಿಂದಲೇ ಯಾವ ಸಾಲಿನ ಸಂಡಿಗೆ ಚೆನ್ನಾಗಿ ಒಣಗಿದೆ ಎಂದು ವಿಚಾರ ಮಾಡತೊಡಗಿತು. ಹಾಗಾಗಿ ಈಗ ಟೋಪಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನಮ್ಮನೆಯವರು. ರೆಕ್ಕೆ ಬಡಿದ ಸದ್ದು ಕೇಳಿದರೆ ಅವರು ಚಪ್ಪಾಳೆ ತಟ್ಟುತ್ತಾರೆ. ಕಾಗೆ ಯಾವ ಕಡೆ ಎಂದು ಅವರಿಗೆ ಕಾಣುವುದಿಲ್ಲ. ಆದರೂ ನಾಲ್ಕೂ ದಿಕ್ಕಿಗೆ ಸಮನಾಗಿ ಚಪ್ಪಾಳೆ ಹಂಚುತ್ತಾರೆ, ಮೇಷ್ಟ್ರಾಗಿದ್ದಾಗ ತರಗತಿಯಲ್ಲಿ ಯಾವ ಹುಡುಗ ಮಾತಾಡಿದ ಎಂದು ತಿಳಿಯದೆ ಎಲ್ಲರನ್ನೂ ಗದರಿಸುತ್ತಿದ್ದ ಹಾಗೆ.

ಹಕ್ಕಿ, ಪ್ರಾಣಿ ನೋಡಲೆಂದು ಕೊಂಡ ಟೋಪಿ ಹಕ್ಕಿ ಓಡಿಸುವುದಕ್ಕೆ ಬಂದ ಕಥೆ ಇದು. ಹಪ್ಪಳ ಸಂಡಿಗೆಯ ಕಾಲದಲ್ಲಿ ನನಗೆ ಬೇರೆ ಏನನ್ನೂ ಯೋಚಿಸಲು ಪುರುಸೊತ್ತಿರುವುದಿಲ್ಲ. ಆದರೆ ಆ ಟೋಪಿ ಎದುರಿಗೇ ನಿಂತಿರುತ್ತದಲ್ಲ, ಅದರ ಮುಖ, ಅಂದರೆ ತಂಬಿಗೆಯ ಮುಖ, ನೋಡಿದಾಗೆಲ್ಲ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ನಮ್ಮನೆಯವರು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಮಂಡ್ಯದಿಂದ ರೈಲಿನಲ್ಲಿ ಹೋಗಿ ಬರುವುದು. ಸಂಬಳದ ದಿನ ಕಾಗದದಲ್ಲಿ ಕಟ್ಟಿದ ಮದ್ದೂರು ವಡೆ ಮನೆಗೆ ಬರುತ್ತಿತ್ತು, ಎಣ್ಣೆ ಇಳಿದು ಅವರ ಚೀಲದಲ್ಲಿದ್ದ ಹುಡುಗರ ಉತ್ತರ ಪತ್ರಿಕೆಗಳೆಲ್ಲ ಕನ್ನಡಿಯ ಹಾಗೆ ಆಗಿರುತ್ತಿದ್ದವು. ಜೀವವಿಕಾಸದ ಪಾಠ ಬಂತೆಂದರೆ ಅವರಿಗೆ ಹಬ್ಬ. ಅದಕ್ಕಾಗಿ ಕೈಯಾರೆ ಬರೆದ ಒಂದು ದೊಡ್ಡ ಚಾರ್ಟು ಇತ್ತು. ಗ್ಯಾಲಪಗೋಸ್ ಎಂಬ ದ್ವೀಪಗಳು, ಒಂದೊಂದು ದ್ವೀಪದಲ್ಲೂ ಒಂದೊಂದು ಬಗೆಯ ದೈತ್ಯ ಆಮೆ. ಹುಲ್ಲು ಸಿಗುವ ಕಡೆ ಚಿಪ್ಪು ಗುಂಡಗೆ, ಮೇಲಿನ ಎಲೆಗೆ ಕತ್ತು ಚಾಚಬೇಕಾದ ಕಡೆ ಚಿಪ್ಪಿನ ಮುಂಭಾಗ ಕುದುರೆಯ ಜೀನಿನ ಹಾಗೆ ಎತ್ತರಕ್ಕೆ. ಕತ್ತು ಚಾಚುವುದನ್ನು ಅವರು ಮೇಜಿನ ಹಿಂದೆ ಬಗ್ಗಿ ನಿಂತು ಮಾಡಿ ತೋರಿಸುತ್ತಿದ್ದರಂತೆ. ನಡಿಗೆಯೂ ನಿಧಾನ. ಹುಡುಗರು ಆಮೆ ಮೇಷ್ಟ್ರು ಎಂದು ಹೆಸರಿಟ್ಟರು. ಈಗಲೂ ಬಸ್ಸಿನಲ್ಲಿ ಮೀಸೆ ನೆರೆತ ಗಂಡಸೊಬ್ಬ ಎದ್ದು ಸೀಟು ಬಿಟ್ಟುಕೊಟ್ಟು, "ಸಾ, ನೀವು ಆಮೆ..." ಎಂದು ನಾಲಿಗೆ ಕಚ್ಚಿಕೊಳ್ಳುವುದುಂಟು. ಇವರೇ ಮುಗಿಸುತ್ತಾರೆ, "ಹೂಂ ಕಣಪ್ಪ, ಆಮೆ ಮೇಷ್ಟ್ರೇ. ಕೂತ್ಕೋ."

ನಿವೃತ್ತಿಯಾದ ಮೇಲೆ ಅವರ ಕೈಗೆ ತಾಗಿ ಕಾಫಿ ಲೋಟ ಬೀಳುವುದು, ಬಾಗಿಲ ಚೌಕಟ್ಟಿಗೆ ಭುಜ ತಗಲುವುದು ಶುರುವಾಯಿತು. ವಯಸ್ಸು ಎಂದುಕೊಂಡೆವು. ಮೈಸೂರಿನ ಕಣ್ಣಿನ ಡಾಕ್ಟರು ಯಾವುದೋ ಯಂತ್ರದೊಳಗೆ ಮುಖ ಇಡಿಸಿ, ಚುಕ್ಕಿ ಕಂಡಾಗ ಗುಂಡಿ ಒತ್ತಿ ಎಂದರು. ಇವರು ಒತ್ತಿದ್ದು ಕಡಿಮೆ, ಒತ್ತದೆ ಇದ್ದದ್ದೇ ಹೆಚ್ಚು. ಕಣ್ಣಿನ ಒತ್ತಡದಿಂದ ನರ ಒಣಗುತ್ತಿದೆ, ಅಂಚಿನಿಂದ ಶುರುವಾಗಿದೆ, ನಡುವಿಗೆ ಬರುತ್ತದೆ, ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದರು. ಎಷ್ಟು ದಿನ ಎಂದು ನಾನು ಕೇಳಿದೆ. ಅದನ್ನು ಹೇಳಲಾಗುವುದಿಲ್ಲ ಎಂದರು.

ವಾಪಸು ಮಂಡ್ಯದ ಬಸ್ಸು ಹತ್ತಿದೆವು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಇವರು ಹೊಳೆಯ ಕಡೆ ಮುಖ ತಿರುಗಿಸಿದರು.

"ಜಯಾ, ಆ ಆಮೇನ ಒಂದ್ಸಲ ನೋಡ್ಬೇಕಲ್ಲ."

"ಯಾವ ಆಮೆ?"

"ನನ್ನ ಚಾರ್ಟಿಂದು. ಅಷ್ಟು ವರ್ಷ ಅದನ್ನ ಕಣ್ಣಾರೆ ನೋಡ್ದೋನ ಥರ ಪಾಠ ಮಾಡಿದೀನಿ. ಒಂದು ಸಲನೂ ನೋಡಿಲ್ಲ."

ಅವರು ಮದುವೆಯಾದಾಗಿನಿಂದ ನನ್ನಲ್ಲಿ ಕೇಳಿದ್ದು ಎಂದರೆ ಬೆನ್ನು ಉಜ್ಜು, ಉಪ್ಪು ಹಾಕು, ಇಷ್ಟೇ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾನು ಹೊಳಲಿನವಳು. ನಾವು ಮಕ್ಕಳಾಗಿದ್ದಾಗ ಪ್ರವಾಸ ಎಂದರೆ ಸೋದರಮಾವನ ಮನೆ. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಜಮಖಾನ ಹಾಸಿ ಹೋದರೆ, ಅಲ್ಲಿಯೂ ಅದೇ ಕಾಲುವೆ, ಅದೇ ಗದ್ದೆ, ಊಟಕ್ಕೆ ಅದೇ ಉಪ್ಪೆಸರು. ಆದರೂ ಹೋಗುವ ಹಿಂದಿನ ದಿನ ನಿದ್ದೆ ಬರುತ್ತಿರಲಿಲ್ಲ. ನಮ್ಮ ಹಿತ್ತಲ ಬಾವಿಯಲ್ಲಿ ಒಂದು ಆಮೆ ಇತ್ತು. ನೀರು ಚೊಕ್ಕಟವಾಗಿರಲಿ ಎಂದು ಅಜ್ಜ ಬಿಟ್ಟಿದ್ದು. ಮಧ್ಯಾಹ್ನ ಊಟವಾದ ಮೇಲೆ ಒಂದು ಚೂರು ಮುದ್ದೆ ಎಸೆದರೆ ಕಪ್ಪು ನೀರಿನಲ್ಲಿ ತಟ್ಟೆಯಂಥದ್ದೊಂದು ಮೆಲ್ಲಗೆ ಮೇಲೆದ್ದು ಬಂದು, ಮುದ್ದೆ ತೆಗೆದುಕೊಂಡು, ನಮ್ಮನ್ನು ಒಮ್ಮೆ ನೋಡಿ ಮುಳುಗುತ್ತಿತ್ತು. ಇದನ್ನು ಮದುವೆಯಾದ ಹೊಸದರಲ್ಲಿ ಇವರಿಗೆ ಹೇಳಿದ್ದೆ. ಹೊಸ ಹೆಂಡತಿಯನ್ನು ಗಂಡ ಏನೇನು ಕೇಳುತ್ತಾನೋ ನನಗೆ ತಿಳಿಯದು. ಇವರು ಕೇಳಿದ್ದು, ಅದರ ಚಿಪ್ಪಿನ ಮೇಲೆ ಎಷ್ಟು ಮನೆ ಇದ್ದವು, ಹಿಂಗಾಲಿನಲ್ಲಿ ಬೆರಳಿನ ನಡುವೆ ಚರ್ಮ ಇತ್ತಾ, ಅಂತ. ಬೋರ್‌ವೆಲ್ ಬಂದ ಮೇಲೆ ಆ ಬಾವಿಗೆ ಚಪ್ಪಡಿ ಮುಚ್ಚಿದರು. ಆಮೆಯನ್ನು ಮೊದಲೇ ತೆಗೆದರೋ ಇಲ್ಲವೋ ಎಂದು ಇವರು ಇವತ್ತಿಗೂ ಕೇಳುತ್ತಾರೆ. ನನಗೆ ಗೊತ್ತಿಲ್ಲ.

ಇರಲಿ, ಆ ಪ್ರವಾಸದ ಬಜೆಟ್ಟಿನ ವಿಷಯಕ್ಕೆ ಬರುತ್ತೇನೆ. ಮಗಳು ಸುಮ ಮಳವಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಅಳಿಯನದೂ ಅಲ್ಲೇ ಕೆಲಸ. ಭಾನುವಾರ ಇಬ್ಬರೂ ಬಂದರು. ಕೊತ್ತತ್ತಿಯಿಂದ ನನ್ನ ಮೈದುನ ಪುಟ್ಟಸ್ವಾಮಿಯೂ ಬಂದ. ಗದ್ದೆ, ಕಬ್ಬು, ಎರಡು ಹಸು, ಅಣ್ಣನೆಂದರೆ ಪ್ರಾಣ. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಗೆರೆ ಎಳೆದೆ. ಸುಮ ಮೊಬೈಲಿನಲ್ಲಿ ನೋಡಿ ನೋಡಿ ಡಾಲರಿನಲ್ಲಿ ಹೇಳುವಳು. ಅಳಿಯ ಅದನ್ನು ರೂಪಾಯಿ ಮಾಡುವನು. ಪುಟ್ಟಸ್ವಾಮಿ ಆ ರೂಪಾಯಿಯನ್ನು ಕಬ್ಬಿನ ಲೋಡು ಮಾಡುವನು. ನಾನು ಮನಸ್ಸಿನಲ್ಲೇ ಗ್ಯಾಸ್ ಸಿಲಿಂಡರ್ ಮಾಡುವೆನು. ಒಂದಾದ ಮೇಲೊಂದು ವಿಮಾನ, ಆಮೇಲೆ ಹಡಗು, ದ್ವೀಪಕ್ಕೆ ಕಾಲಿಡಲು ಬೇರೆ ದುಡ್ಡು, ಕಾಲಿಟ್ಟ ಮೇಲೆ ಜೊತೆಗೆ ನಡೆಯುವವನಿಗೆ ಬೇರೆ ದುಡ್ಡು.

"ಅದೆಲ್ಲದೆ ಅತ್ಗೆ ಆ ಗಲಪ್ಪಗೋಸು?" ಎಂದ ಪುಟ್ಟಸ್ವಾಮಿ. "ಆಮೆ ನೋಡಕ್ಕೆ ಅಷ್ಟ್ ದೂರ ಓಗ್ಬೇಕಾ? ನಮ್ ಗದ್ದೆ ಬಯಲ್ಗೇ ಬತ್ತವೆ. ಇಡ್ಕಂಡ್ ಬಂದು ತೊಟ್ಟಿಗೆ ಬುಡ್ತೀನಿ, ಅಣ್ಣ ದಿನಾ ನೋಡ್ಲಿ."

"ಲೋ ಪುಟ್ಟಾ, ಇದು ನಿನ್ನ ಗದ್ದೆ ಆಮೆ ಅಲ್ಲ ಕಣ್ಲಾ. ಮೇಲೆ ನೀನು ಕೂತ್ಕೋಬೋದು, ಅಷ್ಟು ದೊಡ್ದು."

"ಅಂಗಾರೆ ಬರೋ ಟಿಕೀಟು ಉಳೀತು ಬುಡು. ಅದ್ರ ಮ್ಯಾಲೆ ಕೂತ್ಕಂಡೇ ಬಂದ್ಬುಡಿ."

ಎಲ್ಲರೂ ನಕ್ಕೆವು. ಊಟದ ಖರ್ಚಾದರೂ ಉಳಿಯಲಿ ಎಂದು ನಾನು, ರಾಗಿಹಿಟ್ಟು ಒಯ್ದರೆ ಮುದ್ದೆ ತಿರುವಿಕೊಳ್ಳಬಹುದಲ್ಲ ಎಂದೆ. ಸುಮ ಮೊಬೈಲಿನಲ್ಲಿ ಹುಡುಕಿ, "ಅಮ್ಮ, ಅಲ್ಲಿಗೆ ಹೊರಗಿನ ಕಾಳು, ಬೀಜ, ಹಸಿ ಪದಾರ್ಥ ಏನೂ ಬಿಡಲ್ವಂತೆ" ಎಂದಳು. ಮುದ್ದೆ ಇಲ್ಲದ ಊರಿಗೆ ಮನುಷ್ಯರು ಯಾಕೆ ಹೋಗುತ್ತಾರೆ ಎಂದು ಪುಟ್ಟಸ್ವಾಮಿಗೆ ಕಡೆಯವರೆಗೂ ಅರ್ಥವಾಗಲಿಲ್ಲ. ಹಾಳೆಯ ಕೊನೆಯಲ್ಲಿ ಅಳಿಯ ಮೊತ್ತ ಬರೆದ. ಬರೆದು, ಪೆನ್ನಿನ ಮುಚ್ಚಳ ಹಾಕಿ, ಅತ್ತೆ ಕಾಫಿ ಇದೆಯಾ ಎಂದು ಕೇಳಿದ. ನಮ್ಮ ಈ ಮನೆಯನ್ನು ಮಾರಿದರೆ ಹೋಗಿಬರಬಹುದಿತ್ತು. ಆದರೆ ಬರುವುದು ಎಲ್ಲಿಗೆ?

ಆ ಪಟ್ಟಿಯಲ್ಲಿ ಬೆಲೆ ಕೇಳಿ ನನಗೆ ತಲೆ ತಿರುಗದೆ ಇದ್ದದ್ದು ಒಂದೇ ಸಾಮಾನು, ಟೋಪಿ. ಮಾರನೆಯ ದಿನ ಪೇಟೆಬೀದಿಗೆ ಹೋಗಿ ನಮಗಿಬ್ಬರಿಗೆ, ಮಗಳು ಅಳಿಯನಿಗೆ ಎಂದು ನಾಲ್ಕು ಟೋಪಿ ಕೊಂಡು ತಂದೆ. ಏನಾದರೂ ಒಂದನ್ನು ಕೊಂಡರೆ ಪ್ರಯಾಣ ಹೊರಟ ಹಾಗೆಯೇ ಎಂದು ನನ್ನ ಬುದ್ಧಿ. ಇವರು ಅದನ್ನು ಹಾಕಿಕೊಂಡು ಹಾಲು ತರಲು ಹೋದರು. ಹಾಲಿನವನು, ಇಷ್ಟು ಠೀಕಾಗಿ ಹೊರಟಿದ್ದೀರಿ, ಯಾರದಾದರೂ ಮದುವೆಯಾ ಎಂದು ಕೇಳಿದನಂತೆ.

ದ್ವೀಪ ಹತ್ತಿರಕ್ಕೆ ಬರತೊಡಗಿತು. ಸುಮ ಅಂಡಮಾನ್ ಎಂದಳು. ಅಲ್ಲಿ ಒಂದು ದೂರದ ದ್ವೀಪದ ಮರಳಿಗೆ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ, ಅವೂ ದೊಡ್ಡವೇ, ಪಾಸ್‌ಪೋರ್ಟು ಬೇಡ, ಡಾಲರು ಬೇಡ. ಇವರು, "ಚಾರ್ಟಿಂದಲ್ಲ. ಆದ್ರೂ ಆಮೇನೇ" ಎಂದು ಒಪ್ಪಿಕೊಂಡರು. ನಾಲ್ಕು ಜನ ಎರಡಾದೆವು. ಒಬ್ಬರೇ ಆದರೆ ಇನ್ನೂ ಕಡಿಮೆ ಎಂದು ನಾನೇ ಹೇಳಿದೆ. "ಒಬ್ನೇ ಹೋದ್ರೆ ಆಮೆ ಮೇಲೇ ಎಡವಿ ಬೀಳ್ತೀನಿ" ಎಂದರು. ಅಷ್ಟು ಹೊತ್ತಿಗೆ ಅವರಿಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದು ಮಾತ್ರ ಕಾಣುತ್ತಿತ್ತು. ಅನ್ನದ ಮೇಲೆ ಸಾರು ಬಿದ್ದಿದೆಯೇ ಎಂದು ತಟ್ಟೆಯನ್ನು ಮೇಲೆತ್ತಿ, ಆಚೆ ಈಚೆ ಆಡಿಸಿ ನೋಡುತ್ತಿದ್ದರು.

ಪೆನ್ಷನ್ನಿನಲ್ಲಿ ಒಂದಿಷ್ಟು, ನಾನು ಕಟ್ಟುತ್ತಿದ್ದ ಚೀಟಿಯದೊಂದಿಷ್ಟು ಕೂಡುತ್ತಾ ಬಂತು. ಕೂಡುತ್ತಾ ಬಂತು ಎಂದರೆ ನೇರವಾಗಿ ಅಲ್ಲ. ನಮ್ಮ ಕಡೆ ಆಷಾಢ ಕಳೆಯಿತೆಂದರೆ ಲಗ್ನಪತ್ರಿಕೆಗಳು ಬಾಗಿಲ ಸಂದಿಯಿಂದ ಒಳಗೆ ಬರುತ್ತವೆ. ಮದುವೆಗೆ ಹೋಗಿ ದುಡ್ಡಿನ ಮುಯ್ಯಿ ಇಡಬೇಕು. ಮದುವೆಯ ಮೇಲಿನ ಬೀಗರೂಟಕ್ಕೂ ಹೋಗಬೇಕು, ಹೋಗದಿದ್ದರೆ ಮುಯ್ಯಿ ಇಡದಿದ್ದಕ್ಕಿಂತ ದೊಡ್ಡ ಮನಸ್ತಾಪ. ನಾವು ಇಟ್ಟದ್ದು ಬರೆದುಕೊಂಡಿರುತ್ತಾರೆ, ನಮ್ಮನೆಯಲ್ಲಿ ಶುಭಕಾರ್ಯವಾದಾಗ ಒಂದು ಕೈ ಮೇಲಾಗಿಯೇ ತಂದು ಇಡುತ್ತಾರೆ. ಹೀಗೆ ಒಬ್ಬರ ಮದುವೆ ಇನ್ನೊಬ್ಬರ ಮದುವೆಯನ್ನು ದಾಟಿಸುತ್ತದೆ. ಚೆನ್ನಾದ ಪದ್ಧತಿಯೇ. ಆದರೆ ಆಮೆ ನೋಡಲು ಹೋಗುವುದಕ್ಕೆ ಯಾರೂ ಮುಯ್ಯಿ ಇಡುವುದಿಲ್ಲ. ನಮ್ಮ ಸುಮಳ ಮದುವೆಯಾಗಿ ವರ್ಷಗಳಾದವು, ಅಂದಿನಿಂದ ನಾವು ಇಡುವುದೇ ಹೊರತು ಬರುವ ದಾರಿಯೇ ಮುಚ್ಚಿತ್ತು.

ಅಂತೂ ಕಷ್ಟಪಟ್ಟು ಟಿಕೆಟ್ಟಿನಷ್ಟಾಯಿತು. ಆಗ ಪುಟ್ಟಸ್ವಾಮಿ ಬಂದು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ.

"ಅತ್ಗೆ, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಸಮುದ್ರ ದಾಟಿ ಓಯ್ತಾ ಇದ್ದೀರಿ. ಅಣ್ಣನ ಕಣ್ಣು ಇಂಗಾಗದೆ. ಮನೆದ್ಯಾವ್ರಿಗೆ ಒಂದ್ ಮರಿ ಒಪ್ಪಿಸ್ದೆ ಓಗೋದು ಸರೀನಾ?"

"ಚಿಕ್ಕಪ್ಪ, ಅದು ಟಿಕೆಟ್ ತಗೊಳ್ಳೋ ದುಡ್ಡು" ಎಂದಳು ಸುಮ.

"ದುಡ್ಡು ಎಲ್ಲೋಯ್ತದೆ ಸುಮಿ? ನಿಮ್ಮವ್ವ ಇಷ್ಟ್ ವರ್ಸ ಊರೋರಿಗೆಲ್ಲ ಮುಯ್ಯಿ ಇಕ್ಕವ್ರಲ್ಲ, ಇವ್ರ ಮನೇಲಿ ಒಂದ್ ಕಾರ್ಯ ಅಂತ ಆದ್ರೆ ತಾನೆ ಅದು ವಾಪಸ್ ಬರೋದು? ಒಂದ್ ಮರಿಗೆ ಎಲ್ಡು ಮರಿ ದುಡ್ಡು ಬತ್ತದೆ. ಅದ್ರಲ್ಲಿ ನೀನೂ ಓಗ್ಬೋದು, ನಿನ್ ಗಂಡನೂ ಓಗ್ಬೋದು. ನಾಕ್ ಟೋಪಿ ತಂದು ಎಲ್ಡು ಸುಮ್ಕೆ ಬಿದ್ದವಲ್ಲ."

ಆ ಟೋಪಿಯ ಮಾತು ನನ್ನನ್ನು ಕೆಡಿಸಿತು. ಕಣ್ಣಿನ ಮಾತೂ ಇತ್ತು. ಡಾಕ್ಟರು ಹನಿ ಹಾಕುತ್ತಾರೆ, ದೇವರು ಏನಾದರೂ ಹಾಕಿದರೆ ಹಾಕಲಿ ಎನ್ನಿಸಿತು. ಮಳವಳ್ಳಿ ಕಡೆಯ ಬಂಡೂರಿಗೆ ಪುಟ್ಟಸ್ವಾಮಿಯೇ ಹೋಗಿ ಮರಿ ತಂದ. ಬಂಡೂರು ಕುರಿ ನೋಡಿದ್ದೀರಲ್ಲ, ಕುಳ್ಳ ಕಾಲು, ಮೈತುಂಬ ಉಣ್ಣೆ, ಹಿಂದಿನಿಂದ ನೋಡಿದರೆ ದಿಂಬು ನಡೆದ ಹಾಗೆ. ರುಚಿಯೂ ಹೆಚ್ಚು, ಬೆಲೆಯೂ ಹೆಚ್ಚು. ಒಂದು ಮರಿ ಎಂದರೆ ಅಣ್ಣತಮ್ಮಂದಿರಿಗೆ ಮಾತ್ರ, ಬೀಗರನ್ನು ಬಿಡಲಾಗುತ್ತದೆಯೇ? ಇನ್ನೊಂದು ಬಂತು. ಮೇಷ್ಟ್ರ ಸ್ನೇಹಿತರು? ಮತ್ತೂ ಒಂದು. ಕೊತ್ತತ್ತಿಯ ತೋಟದಲ್ಲಿ ಶಾಮಿಯಾನ, ಬಾಡಿಗೆ ಪಾತ್ರೆ, ಅಡುಗೆಯವರು.

ಪೂಜೆಯಾಯಿತು. ನಾನು ಶಾಮಿಯಾನದ ಬಾಗಿಲಲ್ಲಿ ಮೇಜು ಹಾಕಿ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆಅಡಿಕೆ ಇಟ್ಟು, ಮುಯ್ಯಿ ಬರೆಯಲು ಅಳಿಯನನ್ನು ಕೂರಿಸಿದೆ. ಮೊದಲು ಬಂದವರು ತಟ್ಟೆಯ ಪಕ್ಕ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಊದುಬತ್ತಿ ಇಟ್ಟು, ಕೈ ಕಣ್ಣಿಗೊತ್ತಿಕೊಂಡು ಎಲೆಯ ಕಡೆ ಹೋದರು. ಮರೆತಿರಬೇಕು ಎಂದುಕೊಂಡೆ. ಎರಡನೆಯವರೂ ಕಾಯಿ. ಮೂರನೆಯವರೂ ಕಾಯಿ. ಅಳಿಯ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದ. ಕಡೆಗೆ ನಮ್ಮ ದೊಡ್ಡಮಾವನ ಮನೆಯ ಅಜ್ಜಿ ಆ ಮೇಜು ನೋಡಿ ಗಕ್ಕನೆ ನಿಂತಿತು.

"ಇದ್ಯಾಕವ್ವ ಜಯಾ ಮೇಜ್ ಆಕಿದ್ದೀಯೆ? ದ್ಯಾವ್ರ ಊಟಕ್ಕೆ ಮುಯ್ಯಿ ಇಕ್ತಾರ? ಇಕ್ಕಿದ್ರೆ ಅರಕೆ ಅವ್ರದಾಗ್ಬುಡ್ತದೆ ಕಣವ್ವ. ನಿಮ್ ಅರಕೆ ನಿಮಗೇ ಇರ್ಲಿ."

ನನಗೆ ಇದು ಗೊತ್ತಿಲ್ಲದ್ದೇನಲ್ಲ. ನಾನೂ ಎಷ್ಟೋ ಹರಕೆ ಊಟಕ್ಕೆ ಕಾಯಿ ಹಿಡಿದೇ ಹೋದವಳು. ಪುಟ್ಟಸ್ವಾಮಿಯೂ ಹಾಗೆಯೇ. ಆದರೆ ಮುಯ್ಯಿ ಬರುವುದೆಂಬ ಲೆಕ್ಕದ ಮುಂದೆ ಇಬ್ಬರಿಗೂ ಅದು ನೆನಪಿಗೇ ಬಂದಿರಲಿಲ್ಲ. ಅಳಿಯ ಪೆನ್ನಿನ ಮುಚ್ಚಳ ಹಾಕಿದ. ಇವರು ಊಟದ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಎಲೆಯನ್ನೇ ನೋಡುತ್ತಾ ಕೂತಿದ್ದರು. ಬಡಿಸುವವನು, "ಸಾ, ಆಮೆ ನೋಡಕ್ಕೆ ಓಯ್ತೀರಂತೆ? ಮೊದ್ಲು ಕುರಿ ತಿನ್ನಿ" ಎಂದು ಇನ್ನೆರಡು ತುಂಡು ಹಾಕಿದ. ಊಟಕ್ಕೆ ಬಂದವರೆಲ್ಲ ಒಳ್ಳೆಯದಾಗಲಿ ಮೇಷ್ಟ್ರೆ, ಹುಷಾರಾಗಿ ಹೋಗಿಬನ್ನಿ ಎಂದು ಹರಸಿ, ನಮ್ಮ ವಿಮಾನವನ್ನು ತಿಂದು ಕೈ ತೊಳೆದುಕೊಂಡು ಹೋದರು.

ಮಾರನೆಯ ದಿನ ಪುಟ್ಟಸ್ವಾಮಿ ಒಂದು ಮೂಟೆ ಅಕ್ಕಿ ತಂದು ಹಜಾರದಲ್ಲಿ ಇಳಿಸಿ, ಕೂರಲೂ ಇಲ್ಲ. "ನನ್ ಲೆಕ್ಕ ತಪ್ಪೋಯ್ತು ಅತ್ಗೆ" ಎಂದು ಗೋಡೆಯ ಕಡೆ ನೋಡಿಕೊಂಡು ಹೇಳಿದ. ಇವರು ಒಳಗಿನಿಂದ, "ಏನ್ಲಾ, ಕಾಯಿ ಇಷ್ಟಿದೆ, ಒಂದು ಚೀಲ ತಗೊಂಡೋಗು" ಎಂದರು. ಅವನು ಅತ್ತ. ದೊಡ್ಡ ಮೀಸೆಯ ಗಂಡಸು, ನಮ್ಮ ಹಜಾರದಲ್ಲಿ, ಕಾಯಿಗಳ ನಡುವೆ ನಿಂತು. ನಾನು ಕಾಫಿ ಕಾಯಿಸಲು ಒಳಗೆ ಹೋದೆ. ಅಲ್ಲಿಯೂ ಕಾಯಿಗಳೇ. ಆ ವರ್ಷ ನಮ್ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ತಿನ್ನದ ಮಗು ನಮ್ಮ ಬೀದಿಯಲ್ಲಿಲ್ಲ.

ಮತ್ತೆ ಕೂಡಿಟ್ಟದ್ದು ಕಣ್ಣಿನ ಆಪರೇಷನ್ನಿಗೆ ಹೋಯಿತು. ಒತ್ತಡ ಇಳಿಸಲು ಮಾಡಿದರು, ಸ್ವಲ್ಪ ದಿನ ಇಳಿಯಿತು, ಮತ್ತೆ ಏರಿತು. ಕೊಳವೆ ಕಿರಿದಾಗಿ, ಕಡೆಗೆ ಅದರ ತುದಿಯಲ್ಲೂ ಮಂಜು ಕವಿಯಿತು. ಬೆಳಕು, ನೆರಳು, ಎದುರಿಗೆ ನಿಂತವರ ಆಕಾರ, ಇಷ್ಟು ಉಳಿಯಿತು. ಕ್ಯಾಲೆಂಡರಿನ ಹಾಳೆಗಳನ್ನು ನಾನು ಒಲೆಯ ಕೆಳಗೆ ಹಾಸಿದೆ.

ಒಂದು ಬೆಳಿಗ್ಗೆ ಸುಮ ಫೋನ್ ಮಾಡಿದಳು. "ಅಮ್ಮ, ರಂಗನತಿಟ್ಟಿಗಾದ್ರೂ ಹೋಗಿ ಬನ್ನಿ. ಅದೂ ದ್ವೀಪಾನೇ. ದೋಣಿ ಹತ್ತಿರ ಹೋಗುತ್ತೆ, ಅಪ್ಪಂಗೆ ದೊಡ್ಡ ಹಕ್ಕಿ ಆಕಾರನಾದ್ರೂ ಕಾಣಬಹುದು. ಬಂಡೆ ಮೇಲೆ ಮೊಸಳೆ ಇರುತ್ತೆ. ಪುಣ್ಯ ಇದ್ರೆ ಆಮೆನೂ."

ಇವರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅರ್ಧ ಭೂಮಿ ಸುತ್ತಿ ಹೋಗಬೇಕಾಗಿದ್ದ ದ್ವೀಪ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದೊಳಗೆ ವಾಪಸು ಬರುವಷ್ಟು ಹತ್ತಿರಕ್ಕೆ ಬಂದಿತ್ತು. ಆದರೆ ಅವರ ಮುಖ ಅರಳಿತು.

"ನಾನು ಆ ದೋಣೀಲಿ ಕೂತೇ ಇಲ್ಲ ಕಣೆ. ಪ್ರತಿ ವರ್ಷ ಹುಡುಗರನ್ನ ಕರ್ಕೊಂಡು ಹೋಗ್ತಿದ್ದೆ, ಅವ್ರನ್ನ ಹತ್ತಿಸೋದು, ನಾನು ದಡದಲ್ಲಿ ಬ್ಯಾಗು ಕಾಯೋದು. ಕೋತಿ ಕಾಟ. ಬುತ್ತಿ ಎಳ್ಕೊಂಡೋಗ್ತವೆ."

ಹಾಗೆ ನಾವು ಹೊರಟೆವು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೆ. ಎರಡು ಟೋಪಿ ತೆಗೆದು ಧೂಳು ಕೊಡವಿದೆ. ಹೊರಡುವ ಮುನ್ನ ಎಂದಿನ ಹಾಗೆ ಪೇಪರು ಓದಿ ಹೇಳಿದೆ. ಅದು ನಮ್ಮನೆಯ ಪದ್ಧತಿ. ನಮ್ಮನೆಯದೇನು, ಮಳೆಗಾಲದಲ್ಲಿ ಮಂಡ್ಯದ ಎಲ್ಲರ ಮನೆಯ ಪದ್ಧತಿ. ಮೊದಲು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಆಮೇಲೆ ಉಳಿದ ಪ್ರಪಂಚ. ಕಟ್ಟೆ ತುಂಬಿತ್ತು. ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಓದಿದೆ. ಇವರು ತೊಡೆ ತಟ್ಟಿ, "ಭಲೆ! ಈ ಸಲ ಪುಟ್ಟನ ಗದ್ದೆಗೆ ತೊಂದ್ರೆ ಇಲ್ಲ" ಎಂದರು. ಪುಟ್ಟಸ್ವಾಮಿಯದೇ ಫೋನ್ ಬಂತು. "ಅಣ್ಣ, ಕಟ್ಟೆ ತುಂಬ್ತು! ನಾಲೆ ತುಂಬ ನೀರು ಬತ್ತಾ ಅದೆ!" ಬಸ್ಸಿನಲ್ಲಿಯೂ ಅದೇ ಮಾತು. ಗುರುತಿಲ್ಲದವರು ಗುರುತಿಲ್ಲದವರಿಗೆ ಕಟ್ಟೆ ತುಂಬಿದ್ದನ್ನು ಹೇಳಿ ಕೈ ಮುಗಿಯುತ್ತಿದ್ದರು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಜನ ವಾಹನ ನಿಲ್ಲಿಸಿ ಕೆಂಪು ನೀರಿನ ಫೋಟೊ ತೆಗೆಯುತ್ತಿದ್ದರು. ನಾನೂ ಕಿಟಕಿಯಿಂದ ನೋಡಿ, "ಎಷ್ಟು ಚೆನ್ನಾಗಿದೆ ರೀ, ದಡ ಮೀರಿ ಹರೀತಿದೆ" ಎಂದು ಇವರಿಗೆ ವರ್ಣಿಸಿದೆ. ಇವರು, "ಹೌದಾ, ಹೌದಾ" ಎಂದು ಖುಷಿಪಟ್ಟರು.

ಬೇರೆ ಊರಿನವರಾಗಿದ್ದರೆ ಆಗಲೇ ಹೊಳೆಯುತ್ತಿತ್ತೇನೋ. ಕಟ್ಟೆ ತುಂಬಿತು ಎಂದರೆ ಸಂತೋಷಪಡುವುದನ್ನು ಬಿಟ್ಟು ಬೇರೆ ಯೋಚನೆ ನಮಗೆ ಹುಟ್ಟಿನಿಂದಲೇ ಬಂದಿಲ್ಲ.

ಆಟೋ ಇಳಿದು ಟಿಕೆಟ್ಟಿನ ಕಿಟಕಿಗೆ ಹೋದೆವು. "ದೋಣಿ ಇಲ್ಲ ಅಮ್ಮ" ಎಂದ ಒಳಗಿದ್ದವನು. "ಕಟ್ಟೆಯಿಂದ ನೀರು ಬಿಟ್ಟವ್ರಲ್ಲ. ಇಳಿಯೋವರ್ಗೂ ದೋಣಿ ಬಿಡಲ್ಲ. ಬೇಕಾದ್ರೆ ಒಳಗಡೆ ನಡ್ಕೊಂಡು ಹೋಗಿ ನೋಡ್ಕೊಂಡು ಬನ್ನಿ."

ಬಂದದ್ದಕ್ಕೆ ನಡೆದೆವು. ನನ್ನ ಭುಜದ ಮೇಲೆ ಇವರ ಕೈ. ಹೊಳೆಯ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿ ನಿಂತು ಕೂಗಿ ಮಾತಾಡಬೇಕು. ದಡದ ಕಟಕಟೆಯ ಹತ್ತಿರ ನಿಂತೆವು. ಇವರು ಟೋಪಿಯ ದಾರ ಬಿಗಿದುಕೊಂಡು ನೆಟ್ಟಗೆ ನಿಂತರು.

"ಏನ್ ಕಾಣ್ತಿದೆ ಹೇಳು."

"ನೀರು."

"ದ್ವೀಪ?"

"ಮುಳುಗಿದೆ. ಮರದ ತಲೆ ಮಾತ್ರ ಅಲ್ಲೊಂದು ಇಲ್ಲೊಂದು."

"ಬಂಡೆ ಮೇಲೆ ಮೊಸಳೆ, ಆಮೆ?"

"ಬಂಡೆಯೇ ಇಲ್ಲ ರೀ."

"ಹಕ್ಕಿ?"

ನಾನು ಹುಡುಕಿದೆ. ಸುಳ್ಳು ಹೇಳಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಬಾವಿಯ ಆಮೆಯ ಹಿಂಗಾಲಿನ ಚರ್ಮ ಕೇಳಿದ ಮನುಷ್ಯ, ಕೊಕ್ಕಿನ ಬಣ್ಣ ಕೇಳುತ್ತಾರೆ, ಗೂಡು ಎಷ್ಟು ಎತ್ತರ ಎಂದು ಕೇಳುತ್ತಾರೆ, ನಾನು ಸಿಕ್ಕಿಬೀಳುತ್ತೇನೆ.

"ಒಂದೂ ಇಲ್ಲ. ಬರೀ ಕೆಂಪು ನೀರು. ಆ ದಡದವರೆಗೂ ಅದೇ."

ಅವರು ತಲೆಯಾಡಿಸಿದರು. ಆ ಸದ್ದಿನ ಕಡೆಗೆ ಮುಖ ತಿರುಗಿಸಿದರು.

"ಹಂಗಾದ್ರೆ ಇವತ್ತು ನಿಂಗೆ ಕಾಣ್ತಿರೋದೂ ನಂಗೆ ಕಾಣ್ತಿರೋದೂ ಒಂದೇ" ಎಂದರು.

ಕಲ್ಲುಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಕೋತಿಗಳು ಸಹ ಬರಲಿಲ್ಲ. ಇವರು ಅಭ್ಯಾಸಬಲದಿಂದ ಚೀಲವನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದುಕೊಂಡಿದ್ದರು.

ಇದು ಕಳೆದ ಮಳೆಗಾಲದ್ದು. ಚಳಿಗಾಲ ಕಳೆಯುವುದರೊಳಗೆ ಆ ಬೆಳಕು ನೆರಳೂ ಹೋದವು. ಈಗ ಬಿಸಿಲು ಬಂದಿದೆ, ಸಂಡಿಗೆ ಹಾಕಿದ್ದೇನೆ, ಹೊಳೆ ಇಳಿದು ತಿಟ್ಟುಗಳು ಮೇಲೆದ್ದಿವೆ. ನಿನ್ನೆ ಸುಮ ಫೋನ್ ಮಾಡಿ, "ಅಮ್ಮ, ಈಗ ದೋಣಿ ಬಿಡ್ತಿದಾರಂತೆ. ಗೂಡು ತುಂಬ ಮರಿಗಳಂತೆ" ಎಂದಳು. ಹೇಳಿದ ಮೇಲೆ ಅವಳೇ, ಸಂಡಿಗೆ ಒಣಗಿತಾ ಎಂದು ಮಾತು ತಿರುಗಿಸಿದಳು.

ನಾನು ತಾರಸಿಗೆ ಹೋದೆ. ಇವರು ಟೋಪಿಯ ಬೊಂಬೆಯ ಪಕ್ಕ ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಮುಚ್ಚಿಡುವುದು ನನಗೆ ಬರುವುದಿಲ್ಲ. ಹೇಳಿದೆ.

"ಹೋಗೋಣ" ಎಂದರು. "ಸುಮಿನೂ ಕರ್ಕೋ. ನೀವಿಬ್ರೂ ದೋಣೀಲಿ ಹೋಗಿ ನೋಡ್ಕೊಂಡು ಬನ್ನಿ. ನಾನು ದಡದಲ್ಲಿ ಬ್ಯಾಗು ಕಾಯ್ತೀನಿ."

ಎಲ್ಲೋ ರೆಕ್ಕೆ ಬಡಿಯಿತು. ಅವರು ನಾಲ್ಕೂ ದಿಕ್ಕಿಗೆ ಚಪ್ಪಾಳೆ ತಟ್ಟಿದರು. ಕಾಗೆ ಟೋಪಿಯ ಮೇಲೆಯೇ ಕೂತಿತ್ತು. ಅದನ್ನು ಓಡಿಸಲು ನನಗೆ ಕೈ ಏಳಲಿಲ್ಲ. ಕೂತು ಒಂದೊಂದೇ ಸಂಡಿಗೆಯನ್ನು ಮಗುಚಿ ಹಾಕತೊಡ‌ಗಿದೆ.